ಸನ್ನಿಯ ಮಾತು

ಮಧ್ಯಾಹ್ನದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಮಾಯವ್ವ ತನ್ನ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೌದಿ ಹೊಲಿಯಲು ಕೂರುತ್ತಿದ್ದಳು. ಅವಳು ಕೂತದ್ದು ಕಂಡರೆ ಸಾಕು, ಪಕ್ಕದ ಮನೆಯಿಂದ ಮಾಲಾ ಓಡಿ ಬರುತ್ತಿದ್ದಳು. ಮೂರು ವರ್ಷದ ಹುಡುಗಿ. ಹರಡಿದ ಕೌದಿಯ ಮೇಲೆ ಬೋರಲು ಮಲಗಿ, ಒಂದೊಂದು ತುಂಡಿನ ಮೇಲೂ ಬೆರಳಿಟ್ಟು "ಇದು ಯಾರದು?" ಎಂದು ಕೇಳುವುದು ಅವಳ ಆಟ.

"ಇದು ನಿಮ್ಮವ್ವನ ಸೀರಿ. ನೀ ಹೊಟ್ಟ್ಯಾಗಿದ್ದಾಗ ಉಡತಿದ್ಳು."

"ಇದು?"

"ನಿಮ್ಮಪ್ಪನ ಅಂಗಿ. ಕಾರಖಾನ್ಯಾಗ ಕಿಡಿ ಸಿಡದು ತೂತು ಬಿದ್ದಿತ್ತು."

"ಇದು?"

"ಇದು ಕಾಂತಾ ವೈನಿ ಮಗಳ ಪರಕಾರ. ಹಬ್ಬದಾಗ ಹರಕೊಂಡಿದ್ಳು."

ಐದಾರು ತುಂಡು ದಾಟುವಷ್ಟರಲ್ಲಿ ಹುಡುಗಿಯ ಮಾತು ತಡವರಿಸುತ್ತಿತ್ತು. ಆಮೇಲೆ ನಿದ್ದೆ. ಮಾಯವ್ವ ಅವಳ ಸುತ್ತಲಿನ ಬಟ್ಟೆಯನ್ನೇ ಹೊಲಿಯುತ್ತಾ, ಸೂಜಿ ಹುಡುಗಿಗೆ ತಾಗದಂತೆ ಎಡಗೈಯನ್ನು ಅಡ್ಡ ಹಿಡಿದಿರುತ್ತಿದ್ದಳು.

ಹೊಸ ಶತಮಾನ ಬಂತೆಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಅದು. ಪೀರನವಾಡಿ ಆಗಿನ್ನೂ ಅರ್ಧ ಹಳ್ಳಿಯೇ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಭತ್ತದ ಗದ್ದೆಗಳಿದ್ದವು. ತೆನೆ ಬಲಿಯುವ ದಿನಗಳಲ್ಲಿ ಪಕ್ಕದ ಮನೆಯಲ್ಲೇ ಅನ್ನ ಬೇಯುತ್ತಿದೆಯೇನೋ ಅನ್ನಿಸುವಂಥ ಘಮ ಗಾಳಿಯಲ್ಲಿ ಬರುತ್ತಿತ್ತು. ಕಾರಖಾನೆಯ ಭೋಂಗಾ ಕೂಗಿದರೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಸಾಲಾಗಿ ಕಟ್ಟಿದ ಹಂಚಿನ ಮನೆಗಳು, ನಡುವೆ ಒಂದೊಂದೇ ಗೋಡೆ, ಎಲ್ಲರಿಗೂ ಸೇರಿ ಒಂದು ನಳ. ಈ ಮನೆಯ ಒಗ್ಗರಣೆ ಆ ಮನೆಯಲ್ಲಿ ಸೀನು ತರಿಸುತ್ತಿತ್ತು. ಅಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಇವತ್ತು ಆ ಸಾಲು ಮನೆಗಳಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡ ಬಂದಿದೆ, ಕೆಳಗೆ ಮೊಬೈಲ್ ಅಂಗಡಿ. ಆದರೂ ಮಾಲಾಳ ತಾಯಿ ಪ್ರಮಿಳಾ ಆ ದಾರಿಯಲ್ಲಿ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಆ ಕಟ್ಟೆ ಇದ್ದ ಜಾಗವನ್ನು ಹುಡುಕುತ್ತಾಳೆ.

ಪ್ರಮಿಳಾಳ ಗಂಡ ರಾಮಲಿಂಗ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವನ ಊರು ಖಾನಾಪುರ ತಾಲೂಕಿನ ಬೀಡಿ. ಮನೆತನದವರು ಕುರಿ ಕಾಯ್ದು, ಹೊಲ ಮಾಡಿ ಬದುಕಿದವರು. ಪಗಾರದ ನೌಕರಿಗೆ ಬಂದವನು ಇವನೇ ಮೊದಲಿಗ. ಪ್ರಮಿಳಾ ಮಧ್ಯಾಹ್ನ ಉಪ್ಪಿನಕಾಯಿ ತಯಾರಿಸುವವರಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನು ಯಾರ ಹತ್ತಿರ ಬಿಡುವುದೆಂದು ಅವಳು ಒಂದು ದಿನವೂ ಚಿಂತಿಸಲಿಲ್ಲ. ಮಾಯವ್ವ ವಿಧವೆ, ಮಕ್ಕಳಿಲ್ಲ. ಓಣಿಯವರ ಹಳೆ ಸೀರೆ, ಹರಿದ ಅಂಗಿಗಳೆಲ್ಲ ಅವಳ ಕೈಯಲ್ಲಿ ಕೌದಿಯಾಗುತ್ತಿದ್ದವು. ಮಾಲಾ ಅವಳನ್ನು ಮಾಯಾಯಿ ಎಂದು ಕರೆಯುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಾಲಾಗೆ ಕೆಮ್ಮು ಹಿಡಿಯಿತು. ಮೊದಲು ಸಣ್ಣ ಜ್ವರ, ಆಮೇಲೆ ಇಳಿಯದ ಜ್ವರ. ಒಂದು ಬೆಳಿಗ್ಗೆ ಹುಡುಗಿಯ ಪಕ್ಕೆಗಳು ಒಳಕ್ಕೆ ಎಳೆಯುವುದನ್ನೂ ತುಟಿ ಕಪ್ಪಾಗುವುದನ್ನೂ ಕಂಡು ಪ್ರಮಿಳಾ ಕಿರುಚಿದಾಗ, ಬರಿಗಾಲಲ್ಲಿ ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದವಳು ಮಾಯವ್ವ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಐಸಿಯುಗೆ ಒಯ್ದು ಉಸಿರಿನ ಯಂತ್ರಕ್ಕೆ ಹಾಕಿದರು. ಬಾಗಿಲು ಮುಚ್ಚಿತು. ಸಂಜೆ ಒಬ್ಬರು, ಅದೂ ಸ್ವಲ್ಪ ಹೊತ್ತು, ಒಳಗೆ ಹೋಗಿ ನೋಡಬಹುದು. ಉಳಿದ ಹೊತ್ತೆಲ್ಲ ಹೊರಗಿನ ಜಗುಲಿಯೇ ಮನೆ.

ಸುದ್ದಿ ಕೇಳಿ ಬೀಡಿಯಿಂದ ರಾಮಲಿಂಗನ ತಾಯಿ ಸಿದ್ದಕ್ಕ ಬಂದಳು. ದೊಡ್ಡ ಕುಂಕುಮ, ಇಲಕಲ್ ಸೀರೆ, ಗಟ್ಟಿ ದನಿ. ಬಂದವಳೇ ಸೊಸೆಯನ್ನು ಬೈಯಲಿಲ್ಲ, ಅಪ್ಪಿಕೊಂಡಳು. ಜಗುಲಿಯಲ್ಲಿದ್ದ ಎಲ್ಲರಿಗೂ ತಾನು ತಂದ ರೊಟ್ಟಿ ಹಂಚಿದಳು. ಕೆಲವೇ ದಿನಗಳಲ್ಲಿ ಅಲ್ಲಿನ ಎಲ್ಲ ರೋಗಿಗಳ ಮನೆಯವರಿಗೂ ಅವಳು ಅವ್ವನಾದಳು.

ಉಸಿರಿನ ಯಂತ್ರ ತೆಗೆದ ದಿನ ಎಲ್ಲರೂ ಹಿಗ್ಗಿದರು. ಆದರೆ ಸಂಜೆ ಒಳಗೆ ಹೋದ ಪ್ರಮಿಳಾ ಬೇರೆಯೇ ಮುಖ ಹೊತ್ತು ಬಂದಳು. ಮಗಳು ಕಣ್ಣು ಬಿಟ್ಟಿದ್ದಳು, ಆದರೆ ತಾಯಿಯನ್ನು ನೋಡಲಿಲ್ಲ. ನೋಟ ತಾಯಿಯ ಮುಖವನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಬೆರಳಾಡಿಸುತ್ತಿದ್ದಳು. ಎತ್ತಿಕೊಳ್ಳಲು ಹೋದರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತಿದ್ದಳು. ಬೆಳಗ್ಗೆ ಚೂರು ವಾಸಿ ಇರುತ್ತದೆ, ಸಂಜೆಯಾದಂತೆ ಹೆಚ್ಚುತ್ತದೆ, ನಿದ್ದೆಯೇ ಇಲ್ಲ ಎಂದು ಸಿಸ್ಟರ್ ಹೇಳಿದರು.

ಮರುದಿನ ಸಿದ್ದಕ್ಕ ಒಳಗೆ ಹೋದಳು. ಮೊಮ್ಮಗಳು ಮೂಲೆಯನ್ನು ನೋಡುತ್ತಾ ಗೊಗ್ಗರು ದನಿಯಲ್ಲಿ ಏನೋ ಹೇಳುತ್ತಿದ್ದಳು. ಅಜ್ಜಿ ಬಾಗಿ ಕಿವಿಗೊಟ್ಟಳು.

"ಮಾಯಾಯಿ ಸೂಜಿ ಚುಚ್ಚಾಕತ್ತಾಳ. ಬ್ಯಾಡ, ಮಾಯಾಯಿ ಬ್ಯಾಡ."

ಸಿದ್ದಕ್ಕ ದಡದಡನೆ ಹೊರಗೆ ಬಂದಳು. ಓಣಿಯಿಂದ ಡಬ್ಬಿಯಲ್ಲಿ ಊಟ ತಂದಿದ್ದ ಕಾಂತಾ ಅಲ್ಲೇ ಇದ್ದಳು. "ಕೂಸು ಸುಳ್ಳು ಹೇಳತೈತೇನು?" ಎಂದಳು ಸಿದ್ದಕ್ಕ. "ಬಾಜೂ ಮನ್ಯಾಕಿ ಕೂಸಿಗೆ ಸೂಜಿ ಚುಚ್ಚ್ಯಾಳ. ಏನು ಮಾಡ್ಯಾಳೋ, ಯಾರಿಗೆ ಗೊತ್ತು. ಮಕ್ಕಳಿಲ್ಲದಾಕಿ."

ಮಾಯಕ್ಕ ಅಂಥವಳಲ್ಲ ಎಂಬ ಮಾತು ಪ್ರಮಿಳಾಳ ನಾಲಿಗೆ ತುದಿಗೆ ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡಳು. ಮಗಳ ಹೆದರಿದ ಕಣ್ಣು ಅವಳೂ ಕಂಡಿದ್ದಳು. ಅನುಮಾನ ಬಂದಾಗ ತಾಯಿಯ ಕರುಳು ಯಾವ ಕಡೆ ಓಡುತ್ತದೆಂದು ಹೇಳುವುದು ಕಷ್ಟ.

ಮಾಯವ್ವ ಮಾರನೆಯ ದಿನ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಬಂದಳು. ಮೆಟ್ಟಿಲ ಮೇಲೆಯೇ ಸಿದ್ದಕ್ಕ ಅಡ್ಡ ನಿಂತಳು.

"ಕೂಸಿನ ನೆರಳಿಗೂ ಬರಬ್ಯಾಡ ನೀ. ಏನು ಮಾಡಿದ್ದಿ ಅಂತ ಅದರ ಬಾಯಿಂದs ಕೇಳೀನಿ."

ಮಾಯವ್ವ ಪ್ರಮಿಳಾಳ ಕಡೆ ನೋಡಿದಳು. ಪ್ರಮಿಳಾ ನೆಲ ನೋಡಿದಳು. ಗಂಜಿಯ ಪಾತ್ರೆಯನ್ನು ಹಾಗೆಯೇ ಎತ್ತಿಕೊಂಡು ಮಾಯವ್ವ ಇಳಿದು ಹೋದಳು.

ಓಣಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ನಳದ ಹತ್ತಿರ ಅವಳು ಹೋದರೆ ಉಳಿದವರು ಕೊಡ ಎತ್ತಿಕೊಂಡು ಹಿಂದೆ ಸರಿದರು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು, ಒಂದು ನೆಪ ಹೇಳಿ. ಕೆಲವರು ನೆಪವನ್ನೂ ಹೇಳಲಿಲ್ಲ. ಮನೆಯ ಮಾಲಕ ಬೇರೆ ಕಡೆ ನೋಡಿಕೋ ಎಂದ. ಒಂದು ಮುಂಜಾನೆ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು. ಖಾನಾಪುರದಲ್ಲಿದ್ದ ತಮ್ಮ ನಾಗಲಿಂಗನ ಮನೆಗೆ ಹೋದಳಂತೆ ಎಂದು ಕಾಂತಾ ಹೇಳಿದಳು.

ಮಾಲಾ ಸುಧಾರಿಸಲಿಲ್ಲ. ಮೂಗಿನ ನಳಿಕೆ ಕೀಳುತ್ತಿದ್ದಳೆಂದು ಕೈ ಕಟ್ಟಿದ್ದರು. ಸಿದ್ದಕ್ಕ ಮಗನಿಗೆ ಹೇಳಿದಳು: "ಇದು ದವಾಖಾನಿ ಜಡ್ಡಲ್ಲೋ ರಾಮ್ಯಾ. ಊರಾಗ ದೇವರು ಹೇಳಾಕಿ ಅದಾಳ. ನಾಳಿ ಒಯ್ಯೂಣು."

ರಾಮಲಿಂಗ ತಲೆ ತಗ್ಗಿಸಿ ಹೋಗಿ ಮಗಳನ್ನು ಬಿಡಿಸಿಕೊಂಡು ಹೋಗುವ ಮಾತೆತ್ತಿದ. ಮಕ್ಕಳ ಡಾಕ್ಟರ್ ಪೂರ್ಣಿಮಾ ಮೂವರನ್ನೂ ಒಳಗೆ ಕರೆಸಿದರು. ಬೆಳಗಾವಿಯ ಸದಾಶಿವನಗರದಲ್ಲೇ ಹುಟ್ಟಿ ಬೆಳೆದ ಅವರಿಗೆ ಈ ಕಡೆಯ ಮಾತು, ಈ ಕಡೆಯ ಅಂಜಿಕೆ ಎರಡೂ ಗೊತ್ತಿದ್ದವು.

"ಕುಂದರ್ರಿ ಅಜ್ಜಿ. ನಿಮ್ಮ ಕಡೆ ಸನ್ನಿ ಅಂತಾರಲ್ಲ, ಅದs ಇದು."

"ಸನ್ನಿ ನನಗ ಗೊತ್ತೈತ್ರಿ," ಎಂದಳು ಸಿದ್ದಕ್ಕ. ಗಟ್ಟಿ ದನಿ ಅಷ್ಟರಲ್ಲೇ ಸಣ್ಣದಾಗಿತ್ತು. "ನನ್ನ ಚೊಚ್ಚಲ ಮಗಳು ಹಿಂಗs ಮಾಡತಿತ್ತು. ಗ್ವಾಡಿ ಮ್ಯಾಲ ಇರಿವಿ ಅದಾವ ಅಂತಿತ್ತು. ಓಣ್ಯಾಗಿನ ಒಬ್ಬಾಕಿ ಹೆಸರು ಹೇಳಿ ಹೆದರತಿತ್ತು. ದೇವರು ಹೇಳಾಕಿ ಹತ್ರ ತಡಾ ಮಾಡಿ ಒಯ್ದಿವಿ, ದಾರ್ಯಾಗs ಹೋತು. ಈ ಸಲ ತಡಾ ಮಾಡಂಗಿಲ್ಲ ನಾ."

ಡಾಕ್ಟರ್ ತಮ್ಮ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದರು: "ಆ ಕೂಸನ್ನ ಜ್ವರ ಒಯ್ತು ಅಜ್ಜಿ. ಜಡ್ಡು ಭಾಳ ಆದಾಗ, ಉಸಿರು ಸಾಲದಾಗ, ನಿದ್ದಿ ಕೆಟ್ಟಾಗ ಮಿದುಳು ದಾರಿ ತಪ್ಪತೈತಿ. ಕಣ್ಣು ತಗದಿರತಾವ, ಕೂಸು ಕನಸಿನ್ಯಾಗ ಇರತೈತಿ. ಕಂಡಿದ್ದು, ಕಾಣದ್ದು ಎಲ್ಲಾ ಕಲಸಿ ಮಾತಾಡತೈತಿ. ನಾವು ಕೊಡೂ ಮತ್ತಿನ ಔಷಧದಿಂದನೂ ಆಗತೈತಿ. ಭಾಳ ಮಂದಿ ಇದನ್ನ ಹಠ ಅಂತ ಬಿಡತಾರ. ಈಗ ನಳಿಗಿ ತಗದು ಒಯ್ದ್ರ ಖಾನಾಪುರ ದಾಟೂದರಾಗ ಉಸಿರು ಸೋಲತೈತಿ."

"ಮತ್ತ ಇದಕ್ಕ ಔಷಧ?" ಎಂದ ರಾಮಲಿಂಗ.

"ಜಡ್ಡು ಇಳೀಬೇಕು. ಮತ್ತಿನ ಔಷಧ ಕಡಿಮಿ ಮಾಡಾಕತ್ತೀನಿ. ಆದ್ರ ಇನ್ನೊಂದು ಐತಿ. ಒಳಗ ಹಗಲೂ ರಾತ್ರಿ ಒಂದs ದೀಪ, ಎಲ್ಲಾರ ಮಾರಿ ಮ್ಯಾಲ ಮಾಸ್ಕು. ತಾಯಿನ್ನ ನಾವs ಹೊರಗ ಕುಂದರಿಸೀವಿ. ಕೂಸು ಯಾವುದನ್ನ ಹಿಡಕೊಂಡು ವಾಪಸ್ ಬರಬೇಕು?"

ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು. "ಒಬ್ಬರಿಗೆ ಬಿಟ್ರ ಎಲ್ಲಾರೂ ಕೇಳತಾರ್ರಿ ಮೇಡಮ್. ಹೊರಗಿಂದ ಮತ್ತೊಂದು ಜಡ್ಡು ತಂದ್ರ? ಬಾಜೂಕ ಇನ್ನೂ ಸಣ್ಣ ಕೂಸು ಐತಿ."

"ಖರೇ ಐತಿ. ಕೈ ತೊಳಿಸ್ರಿ, ಸ್ವಚ್ಛ ಗೌನು ಹಾಕಿಸ್ರಿ. ಒಬ್ಬರs ಒಬ್ಬರು. ನೋಡೂಣು." ಡಾಕ್ಟರ್ ಪ್ರಮಿಳಾಳ ಕಡೆ ತಿರುಗಿದರು. "ಮನ್ಯಾಗ ಕೂಸು ಯಾರ ಹತ್ರ ಮಲಗತಿತ್ತು?"

"ರಾತ್ರಿ ನನ್ನ ಹತ್ರ ರೀ. ಹಗಲಿಗೆ ಮಾಯಕ್ಕನ ಹತ್ರ." ಹೆಸರು ಹೇಳುವಾಗ ಪ್ರಮಿಳಾಳ ದನಿ ಇಳಿಯಿತು.

"ಆಕಿ ಬ್ಯಾಡ," ಎಂದಳು ಸಿದ್ದಕ್ಕ.

ಮಗಳನ್ನು ಒಯ್ಯುವ ಮಾತು ಅಂದು ನಿಂತಿತು. ಪ್ರಮಿಳಾ ಒಳಗೆ ಕೂರತೊಡಗಿದಳು. ಮರುದಿನ ಮಧ್ಯಾಹ್ನ ಅವಳನ್ನು ಊಟಕ್ಕೆ ಕಳಿಸಿ ಸಿದ್ದಕ್ಕ ಮೊಮ್ಮಗಳ ಪಕ್ಕ ಕೂತಳು. ಪಕ್ಕದ ಹಾಸಿಗೆಯ ಎಳೆಗೂಸಿನ ಹತ್ತಿರ ಅದರ ತಾಯಿಯನ್ನೂ ಬಿಟ್ಟಿದ್ದರು. ಜಗುಲಿಯಲ್ಲಿ ಸಿದ್ದಕ್ಕನ ರೊಟ್ಟಿ ಉಂಡು, ಅವಳ ಹೆಗಲ ಮೇಲೆ ಅತ್ತ ಹೆಣ್ಣುಮಗಳು.

ಮಾಲಾ ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಸಿದ್ದಕ್ಕನ ಎದೆ ಅರಳಿತು. "ನಾನs ಅದೀನಿ ನನ್ನ ಬಂಗಾರಾ, ಆಯಿ," ಎಂದು ಕೈ ಚಾಚಿದಳು.

ಹುಡುಗಿ ಮೈಯೆಲ್ಲ ನಡುಗಿಸಿ ಚೀರಿದಳು. "ಈಕಿ ಬ್ಯಾಡ. ಆಯಿ ಬ್ಯಾಡ. ಆಯಿ ನನ್ನ ಬಾವ್ಯಾಗ ಒಗದ್ಳು. ನೀರು, ನೀರು."

ಸಿದ್ದಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತಳು. ಸಿಸ್ಟರ್ ಬಂದು ಹುಡುಗಿಯನ್ನು ಹಿಡಿದರು. ಪಕ್ಕದ ಹಾಸಿಗೆಯ ತಾಯಿ ಸಿದ್ದಕ್ಕನ ಮುಖ ನೋಡಿದಳು. ತನ್ನ ಕೂಸಿನ ಹಾಸಿಗೆಗೆ ಬೆನ್ನು ಅಡ್ಡ ಕೊಟ್ಟು ನಿಂತಳು.

ಜಗುಲಿಗೆ ಬಂದು ಸಿದ್ದಕ್ಕ ಗೋಡೆಗೆ ಒರಗಿ ಕೂತಳು. ರಾಮಲಿಂಗ ನೀರು ತಂದು ಕೊಟ್ಟ.

"ನಾ ಆ ಕೂಸಿಗೆ ಎಂದೂ ಗದರಿಸಿ ಮಾತಾಡಿಲ್ಲೋ."

"ಗೊತ್ತೈತಿ ಯವ್ವಾ. ಸನ್ನ್ಯಾಗಿನ ಮಾತು."

"ನಿನಗ ಗೊತ್ತೈತಿ. ಬಾಜೂ ಹಾಸಿಗ್ಯಾಕಿಗೆ ಗೊತ್ತಿಲ್ಲಲ್ಲ. ಆಕಿ ನನ್ನ ನೋಡಿದ್ದು ನೀ ನೋಡಬೇಕಾಗಿತ್ತು." ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ಊಟ ಮುಗಿಸಿ ಬಂದ ಪ್ರಮಿಳಾ ಎದುರು ನಿಂತಿದ್ದಳು. ಸಿದ್ದಕ್ಕ ಸೊಸೆಯನ್ನು ಕೇಳಿದಳು: "ಖಾನಾಪುರದಾಗ ಮಾಯವ್ವನ ತಮ್ಮನ ಮನಿ ಎಲ್ಲಿ ಬರತೈತಿ?"

ನಾಗಲಿಂಗ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವವನು. ಮನೆ ಮಲಪ್ರಭೆಯ ದಂಡೆಗೆ ಹತ್ತಿರ. ಮಾರನೆಯ ಬೆಳಿಗ್ಗೆ ಕೆಂಪು ಬಸ್ಸಿನಲ್ಲಿ ಒಬ್ಬಳೇ ಹೋಗಿ, ಕೇಳುತ್ತಾ ಕೇಳುತ್ತಾ ಸಿದ್ದಕ್ಕ ಅಲ್ಲಿಗೆ ಮುಟ್ಟಿದಳು. ಮಾಯವ್ವ ಅಂಗಳದಲ್ಲಿ ಸುಮ್ಮನೆ ಕೂತಿದ್ದಳು. ಕೈಯಲ್ಲಿ ಹೊಲಿಗೆ ಇರಲಿಲ್ಲ. ಎದ್ದು ಒಳಗೆ ಹೋಗಿ ನೀರು ತಂದಿಟ್ಟಳು.

"ಕೂಸು ನನ್ನೂ ಅಂತವ್ವಾ," ಎಂದಳು ಸಿದ್ದಕ್ಕ. "ನಾ ಬಾವ್ಯಾಗ ಒಗದ್ನಿ ಅಂತ."

"ನೀವು ಒಗದಿರಂಗಿಲ್ಲ ಬಿಡ್ರಿ," ಎಂದಳು ಮಾಯವ್ವ.

ಆ ಮಾತು ಅಷ್ಟು ಸಲೀಸಾಗಿ ಬಂದೀತೆಂದು ಮುದುಕಿ ಅಂದುಕೊಂಡಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು.

ಮಾಯವ್ವನೇ ಮುಂದುವರಿಸಿದಳು. "ದವಾಖಾನ್ಯಾಗ ಅಷ್ಟೊಂದು ಸೂಜಿ ಮಾಡತಾರ. ಕೂಸಿಗೆ ಸೂಜಿ ಅಂದ್ರ ಗೊತ್ತಿದ್ದಾಕಿ ನಾನs. ಅದರ ತಪ್ಪಿಲ್ಲ. ನೀವು ಒಂದು ಮಾತು ಕೇಳಬೇಕಾಗಿತ್ತು ನೋಡ್ರಿ. ಚುಚ್ಚಿದಿ ಏನು ಅಂತ. ಬೈದರ ಬೈದ್ರಿ, ಕೇಳಬೇಕಾಗಿತ್ತು. ಪ್ರಮಿಳಾನೂ ಕೇಳಲಿಲ್ಲ."

"ಇಲ್ಲ. ಕೇಳಲಿಲ್ಲ," ಎಂದಳು ಸಿದ್ದಕ್ಕ. "ಡಾಕ್ಟರಬಾಯಿ ಕೂಸಿಗೆ ಗುರ್ತಿದ್ದವರು ಬೇಕಂತಾರ. ನಿನ್ನ ಹತ್ರ ಮಲಗತಿತ್ತಂತ. ಬಾ ಅನ್ನಾಕ ನನಗ ಬಾಯಿಲ್ಲ. ಆದ್ರೂ ಬಂದೀನಿ."

"ನನ್ನ ನೋಡಿ ಮತ್ತ ಅಂಜಿದ್ರ?"

"ಅಂಜಿದ್ರ ನಾನೂ ನೀನೂ ಇಬ್ಬರೂ ಹೊರಗ ಕುಂದರೂಣು."

"ಕೂಸಿನ ಸಲುವಾಗಿ ಬರತೀನ್ರಿ. ನಿಮ್ಮ ಸಲುವಾಗಿ ಅಲ್ಲ," ಎಂದು ಮಾಯವ್ವ ಎದ್ದು ಸೀರೆ ಬದಲಿಸಲು ಒಳಗೆ ಹೋದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಖಾನಾಪುರ ಹಿಂದೆ ಬಿದ್ದು ಗದ್ದೆಗಳು ಶುರುವಾದ ಮೇಲೆ ಸಿದ್ದಕ್ಕ ತಾನಾಗಿಯೇ ತನ್ನ ಚೊಚ್ಚಲ ಮಗಳ ಕಥೆ ಹೇಳಿದಳು. ಆ ಕೂಸು ಹೆದರಿ ಹೆಸರು ಹೇಳಿದ ಹೆಂಗಸು ಎದುರು ಮನೆಯವಳು. ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆದವಳೂ ಅವಳೇ. ಮಗಳು ಹೋದ ಮೇಲೆ ಸಿದ್ದಕ್ಕ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಎರಡು ಮೂರು ಸಲ ಬಾಗಿಲಿಗೆ ಬಂದು ನಿಂತು ಹೋಗಿದ್ದಳು.

"ಈಗ ಅದಾಳೇನ್ರಿ ಆಕಿ?"

"ಇಲ್ಲವ್ವಾ. ಸತ್ತು ಎಷ್ಟೋ ವರ್ಷ ಆತು." ಸಿದ್ದಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಮಾಯವ್ವ ಸರಿದು ಕೂತು ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು.

ಮೊದಲ ದಿನ ಮಾಲಾ ಮಾಯವ್ವನನ್ನು ಗುರುತಿಸಲಿಲ್ಲ. ಅಳಲೂ ಇಲ್ಲ. ಮಾಯವ್ವ ಮುಟ್ಟಲು ಹೋಗದೆ ಹಾಸಿಗೆಯ ಪಕ್ಕ ಕೂತು, ಆಸ್ಪತ್ರೆಯ ಬಿಳಿ ಚಾದರದ ಒಂದೊಂದು ಮಡಿಕೆಯ ಮೇಲೂ ಬೆರಳಿಟ್ಟು ಮೆಲ್ಲಗೆ ಹೇಳಿದಳು: "ಇದು ನಿಮ್ಮವ್ವನ ಸೀರಿ. ಇದು ನಿಮ್ಮಪ್ಪನ ಅಂಗಿ." ಸಿಸ್ಟರ್ ದೂರದಿಂದ ನೋಡಿ ಕಿಟಕಿಯ ಪರದೆ ಸರಿಸಿ ಹಗಲ ಬೆಳಕು ಬಿಟ್ಟರು. ಡಾಕ್ಟರ್ ಹೇಳಿದಂತೆ ರಾತ್ರಿ ಆ ಹಾಸಿಗೆಯ ಮೇಲಿನ ದೀಪ ಆರಿಸುವ ಏರ್ಪಾಡಾಯಿತು. ಜ್ವರವೂ ಇಳಿಯುತ್ತಾ ಬಂತು. ಯಾವುದರಿಂದ ಎಷ್ಟು ಗುಣವಾಯಿತೆಂದು ಯಾರೂ ಲೆಕ್ಕ ಹಾಕಲಿಲ್ಲ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ, ಮಾಯವ್ವ ಒಂದು ಮಡಿಕೆ ಬಿಟ್ಟು ಮುಂದಿನದಕ್ಕೆ ಹೋದಾಗ, ಒಣಗಿದ ತುಟಿಗಳು ಅಲುಗಿದವು.

"ಇದು ಯಾರದು?"

ಮಾಯವ್ವ ಬೆರಳನ್ನು ಬಿಟ್ಟುಹೋದ ಮಡಿಕೆಗೆ ವಾಪಸು ತಂದಳು. ಬಾಗಿಲಲ್ಲಿ ನಿಂತಿದ್ದ ಪ್ರಮಿಳಾ ಒಳಗೆ ಬಂದು ಅವಳ ಕಾಲ ಹತ್ತಿರ ಕುಸಿದು ಕೂತಳು. "ನಾ ಅವತ್ತು ಬಾಯಿ ಬಿಡಬೇಕಾಗಿತ್ತು ಮಾಯಕ್ಕಾ," ಎಂದಳು. ಮಾಯವ್ವ ಅವಳ ತಲೆಯ ಮೇಲೆ ಕೈಯಿಟ್ಟಳು, ಆದರೆ ಪರವಾಗಿಲ್ಲ ಎಂದು ಹೇಳಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಎಲ್ಲರೂ ಒಂದೇ ರಿಕ್ಷಾದಲ್ಲಿ ಪೀರನವಾಡಿಗೆ ಬಂದರು. ಓಣಿಯ ಹೆಂಗಸರೆಲ್ಲ ರಾಮಲಿಂಗನ ಮನೆಯ ಮುಂದೆ ಸೇರಿದ್ದರು. ಜಡ್ಡಿನಿಂದ ಎದ್ದು ಬಂದ ಕೂಸಿನ ಮೇಲೆ ರೊಟ್ಟಿಯ ತುಣುಕು, ನೀರು ಇಳಿಸಿ ದೃಷ್ಟಿ ತೆಗೆದು ಒಳಗೆ ಕರೆದುಕೊಳ್ಳುವುದು ಅಲ್ಲಿನ ರೂಢಿ. ಅದು ಮನೆಯ ಹಿರಿಯ ಮುತ್ತೈದೆಯ ಕೆಲಸ. ಕಾಂತಾ ತಂಬಿಗೆ, ರೊಟ್ಟಿ ತಂದು ಸಿದ್ದಕ್ಕನ ಕೈಗೆ ಕೊಟ್ಟಳು. ಮಾಯವ್ವ ತಾನಾಗಿಯೇ ಹಿಂದೆ ಸರಿದು ರಿಕ್ಷಾದ ಮರೆಗೆ ನಿಂತಿದ್ದಳು.

ಸಿದ್ದಕ್ಕ ಸುತ್ತ ನೋಡಿದಳು. "ಮಾಯವ್ವಾ, ಬಾ ಇಲ್ಲೆ. ನೀ ಇಳಸು."

ಹೆಂಗಸರ ನಡುವೆ ಪಿಸುಮಾತು ಎದ್ದಿತು. ಕಾಂತಾ ತಗ್ಗಿದ ದನಿಯಲ್ಲಿ, "ಆಕಿ ಕೈಲೇನ್ರಿ ಅಕ್ಕಾ? ಕೂಸು ಆವತ್ತು ಹಂಗ ಅಂದಿತ್ತಲ್ಲ," ಎಂದಳು.

"ಕೂಸು ನನ್ನೂ ಅಂದೈತಿ, ಕಾಂತಾ. ನಾ ಅದನ್ನ ಬಾವ್ಯಾಗ ಒಗದ್ನಿ ಅಂತ, ಹತ್ತು ಮಂದಿ ಮುಂದ. ಅದನ್ನ ಖರೇ ಅನ್ನೂದಿದ್ರ ಈ ತಂಬಗಿ ನಾನೂ ಮುಟ್ಟಬಾರದು."

ಮಾಯವ್ವ ಮುಂದೆ ಬಂದಳು. ರೊಟ್ಟಿಯ ತುಣುಕು ಇಳಿಸಿ ರಸ್ತೆಯಂಚಿಗೆ ಎಸೆದಳು, ನೀರು ಚೆಲ್ಲಿದಳು. ಅಪ್ಪನ ಹೆಗಲ ಮೇಲಿದ್ದ ಮಾಲಾ ಅವಳ ಕಡೆ ಬಾಗಿ ಕೈ ಚಾಚಿದಳು. ಕಾಂತಾ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನೀನs ಎತಗೊಂಡು ಮೊದಲ ಒಳಗ ನಡಿ," ಎಂದಳು ಸಿದ್ದಕ್ಕ.

ಮಾಯವ್ವ ಹುಡುಗಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಮುದುಕಿ ಬರಿ ತಂಬಿಗೆಯನ್ನು ಎತ್ತಿಕೊಂಡು ಅವಳ ಹಿಂದೆ ಒಳಗೆ ಹೋದಳು.